ಡೇರೆ ಮಡಚುವ ಕ್ರಮ

“ಎತ್ತಬೇಡ ಅಕ್ಕಾ, ಎಳಿ. ಎತ್ತೋಕೆ ಹೋದ್ರೆ ಸೊಂಟ ಹಿಡ್ಕೊಳ್ಳುತ್ತೆ,” ಅಂದ ತಮ್ಮ.

ಎಳೆದಳು. ಡೇರೆ ಒಂದು ಗೇಣು ಸರಿದು ಮತ್ತೆ ಹಟ ಹಿಡಿದು ಕೂತಿತು. ಹನ್ನೊಂದು ಜನ ಕಾಲು ಚಾಚಿ ಮಲಗುವಷ್ಟು ದೊಡ್ಡ ಡೇರೆ. ದಪ್ಪ ಕ್ಯಾನ್‌ವಾಸಿನದು. ಅರ್ಧ ಮಡಚಿ ಅರ್ಧ ಬಿಚ್ಚಿಕೊಂಡಿದ್ದ ಅದು ಹೊಳೆ ದಂಡೆಯ ಇಬ್ಬನಿಯನ್ನೆಲ್ಲ ಕುಡಿದು ಕೂತಿತ್ತು. ‘ಹೆಣಭಾರ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ದೊಡ್ಡವಳು ಅದನ್ನು ನುಂಗಿಕೊಂಡಳು.

ಮನೆಯವರೆಲ್ಲರ ಬಾಯಲ್ಲೂ ಅವಳು ದೊಡ್ಡವಳು. ಅವಳ ಬೆನ್ನಿಗೆ ಹುಟ್ಟಿದವನು ಈ ತಮ್ಮ. ಅವರಿಬ್ಬರ ಹಿಂದೆ, ನಡುಮನೆಯ ಮಂಚದ ಮೇಲೆ, ಅಪ್ಪನನ್ನು ಮಲಗಿಸಿದ್ದರು. ನಿನ್ನೆ ಸಂಜೆ ಅಪ್ಪ ಆಂಬುಲೆನ್ಸಿನಲ್ಲಿ ಮನೆಗೆ ಬಂದರೆ, ಡೇರೆ ಟೆಂಪೊದಲ್ಲಿ ಬಂತು. ಟೆಂಪೊದವನು ಅದನ್ನು ಬಾಗಿಲಲ್ಲೇ ಇಳಿಸಿ, ಬಾಡಿಗೆಯನ್ನೂ ಕೇಳದೆ ಹೋಗಿಬಿಟ್ಟ. ಆಮೇಲೆ ಬಂದವರೆಲ್ಲ ಅದನ್ನು ದಾಟಿಕೊಂಡೇ ಒಳಗೆ ಬಂದರು, ದಾಟಿಕೊಂಡೇ ಹೊರಗೆ ಹೋದರು. ಸರಿಸಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ. ಇವತ್ತು ಬೆಳಿಗ್ಗೆ ಕುರ್ಚಿ ಹಾಕಲು ಜಾಗ ಬೇಕಾದಾಗಲೇ ಅದು ಅಲ್ಲಿರುವುದು ಎಲ್ಲರಿಗೂ ಕಂಡದ್ದು.

ಅಡುಗೆಮನೆಯ ಹೊಸಿಲು ದಾಟಿಸಿ ಹಿತ್ತಿಲಿಗೆ ಹಾಕಿ ಇಬ್ಬರೂ ಏದುಸಿರು ಬಿಡುತ್ತ ನಿಂತರು. ಅಷ್ಟರಲ್ಲಿ ಮುಂಬಾಗಿಲಲ್ಲಿ ಗಟ್ಟಿ ದನಿ ಕೇಳಿಸಿತು. ಅಪ್ಪನ ಅಕ್ಕ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ್ದರು.

“ಹೇಗಾಯ್ತೋ? ನನ್ನ ತಮ್ಮನಿಗೆ ನೆಗಡಿ ಬಂದಿದ್ದು ನಾನು ನೋಡಿಲ್ಲ. ಅರವತ್ಮೂರು ಒಂದು ವಯಸ್ಸೇನೋ? ನಾನಿನ್ನೂ ಗುಂಡುಕಲ್ಲಿನ ಹಾಗೆ ಇದ್ದೀನಿ!”

“ಟೆಂಟು ಮಡಚ್ತಾ ಇದ್ರು ಅತ್ತೆ,” ಅಂದ ತಮ್ಮ. “ಯಾವಾಗಲೂ ಅದರ ಮೇಲೆ ಮಲಗಿ ಗಾಳಿ ತೆಗೀತಾರಲ್ಲ, ಹಾಗೇ ಮಲಗಿದ್ರು. ಆಮೇಲೆ ಎದ್ರು. ಎದ್ದು ಸೊಂಟ ನೆಟ್ಟಗೆ ಮಾಡ್ಕೊಂಡು ನಕ್ಕರು. ನಗ್ತಾ ನಗ್ತಾನೇ ಕುಸಿದುಬಿಟ್ರು. ತಕ್ಷಣ ಓಡಿದ್ವಿ. ಒಂದು ನಿಮಿಷ ತಡ ಮಾಡಲಿಲ್ಲ.”

ದೊಡ್ಡವಳು ಗೋಡೆಯನ್ನು ನೋಡಿದಳು. ನಿನ್ನೆ ಆಸ್ಪತ್ರೆಯಲ್ಲಿ ಮೊದಲ ಸಲ ಹೇಳಿದಾಗ ಅಪ್ಪ ಬರೀ ಎದ್ದಿದ್ದರು. ಸಂಜೆ ಪಕ್ಕದ ಮನೆಯವರಿಗೆ ಹೇಳುವಾಗ ನಕ್ಕಿದ್ದರು. ಈಗ ಸೊಂಟವನ್ನೂ ನೆಟ್ಟಗೆ ಮಾಡಿಕೊಂಡರು. ಸುಳ್ಳಿಗೂ ದಿನ ತುಂಬುತ್ತ ಒಂದೊಂದಾಗಿ ಕೈಕಾಲು ಮೂಡುತ್ತಿದ್ದವು.

“ತಾತ ಎದ್ದಿರಲಿಲ್ಲ,” ಅಂತು ಒಂದು ಸಣ್ಣ ದನಿ.

ಹೊಲಿಗೆ ಮೆಷಿನ್ನಿನ ಹಿಂದೆ ಮೂಟೆ ನಿಂತಿದ್ದಳು. ದೊಡ್ಡವಳ ಮಗಳು, ಏಳು ವರ್ಷ. ಶಾಲೆಯಲ್ಲಿ ಬೇರೆ ಹೆಸರಿದ್ದರೂ ತಾತ ಇಟ್ಟದ್ದೇ ಮನೆಯಲ್ಲಿ ನಿಂತಿತ್ತು.

“ಏನಂದ್ಯೇ ಮೂಟೆ?” ಅಂದರು ಅತ್ತೆ.

“ಏನಿಲ್ಲ ಅತ್ತೆ, ನಿದ್ದೆಗಣ್ಣು ಅವಳದ್ದು.” ದೊಡ್ಡವಳು ಮಗಳ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದಳು. “ಹಾಗೆಲ್ಲ ಹೇಳಬಾರದು ಅಂತ ಹೇಳಿದ್ದೀನೋ ಇಲ್ವೋ? ಅಜ್ಜಿ ಕಿವಿಗೆ ಬಿದ್ರೆ ಏನಾಗುತ್ತೆ?”

ಮೂಟೆ ತಲೆಯಾಡಿಸಿದಳು. ಕಣ್ಣು ಒಣಗಿಕೊಂಡೇ ಇತ್ತು. ನಿನ್ನೆಯಿಂದ ಒಂದು ತೊಟ್ಟು ನೀರು ಬಂದಿರಲಿಲ್ಲ ಅದರಲ್ಲಿ.

“ಕೂತ್ಕೊಂಡು ಹಾಲು ಕುಡಿ.”

ಮೂಟೆ ನಿಂತುಕೊಂಡೇ ಕುಡಿದಳು.

*

ಅಪ್ಪನ ಕಸುಬು ಟಾರ್ಪಾಲು ಹೊಲಿಯುವುದು. ಲಾರಿಗಳ ಮೇಲೆ ಹೊದಿಸುವ ಹೊದಿಕೆ, ಅಂಗಡಿಗಳ ಮುಂದೆ ಇಳಿಬಿಡುವ ಮಾಡು, ಮದುವೆ ಮನೆಗಳ ಚಪ್ಪರ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎರಡು ಮೆಷಿನ್ನಿನ ಅಂಗಡಿ. ನಲವತ್ತು ವರ್ಷ ಅಲ್ಲೇ ಕೂತು ಹೊಲಿದ ಮನುಷ್ಯನ ಬಲಗೈ ಹೆಬ್ಬೆರಳು ಸೂಜಿ ಹಿಡಿದು ಹಿಡಿದು ಚಮಚದ ಹಾಗೆ ಬಾಗಿತ್ತು. ದಾರಿಯಲ್ಲಿ ಲಾರಿ ಹೋದರೆ ಅವರ ಕಣ್ಣು ಮೊದಲು ಹೊದಿಕೆಗೆ ಹೋಗುತ್ತಿತ್ತು. “ನಂದು,” ಅನ್ನುತ್ತಿದ್ದರು, ನೆಂಟರ ಮಕ್ಕಳನ್ನು ಗುರುತಿಸುವ ಹಾಗೆ. ಇಲ್ಲವಾದರೆ, “ಮೂಲೆ ನೋಡು, ಯಾವನೋ ಹೊಟ್ಟೆಗೆ ಊಟ ಇಲ್ಲದೆ ಹೊಲಿದಿದ್ದಾನೆ.”

ಡೇರೆಯನ್ನು ಹೊಲಿದದ್ದು ದೊಡ್ಡವಳು ಹುಟ್ಟಿದ ವರ್ಷ, ಅಂಗಡಿಯಲ್ಲಿ ಉಳಿದ ತುಂಡುಗಳಲ್ಲಿ. ಆಗ ಮೂರು ಜನರ ಡೇರೆ. ತಮ್ಮ ಹುಟ್ಟಿದಾಗ ಒಂದು ಪಟ್ಟಿ ಸೇರಿಸಿದರು. ಅಳಿಯ ಬಂದಾಗ ಒಂದು, ಸೊಸೆ ಬಂದಾಗ ಒಂದು, ಮೊಮ್ಮಕ್ಕಳಿಗೆ ತಲಾ ಅರ್ಧ. ಹೀಗೆ ಒಂದೊಂದು ಪಟ್ಟಿಯದೂ ಒಂದೊಂದು ಬಣ್ಣ. ಮನೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ, “ನಿನ್ನ ಪಟ್ಟಿ ಬಿಚ್ಚಿಸ್ತೀನಿ ನೋಡು,” ಅನ್ನುವುದು ಮಾಮೂಲಿ. ವರ್ಷಕ್ಕೊಮ್ಮೆ ರಜೆಯಲ್ಲಿ ಎರಡು ರಾತ್ರಿ ಹೊಳೆ ದಂಡೆಯಲ್ಲಿ ಬಿಡಾರ. ಅದಕ್ಕಿಂತ ದೂರದ ಊರನ್ನು ಅಪ್ಪ ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ.

ಹಾಕುವಾಗ ಯಾರು ಬೇಕಾದರೂ ಹಗ್ಗ ಎಳೆಯಬಹುದಿತ್ತು. ಮಡಚುವಾಗ ಮಾತ್ರ ಅಪ್ಪನ ಕಾಯಿದೆ. ಮೊದಲು ಗೂಟ ಕಿತ್ತು ಎಣಿಸಬೇಕು. ಬಟ್ಟೆಯನ್ನು ಬಿಸಿಲಿಗೆ ಹರವಿ ಒಳಗಿನ ಮರಳು ಗುಡಿಸಬೇಕು. ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು ಮಡಿಕೆ. ಬಾಗಿಲಿನ ಅಂಚು ಕೊನೆಗೆ, ತೆರೆದುಕೊಂಡೇ ಇರಬೇಕು. ಅಷ್ಟು ಹೊತ್ತಿಗೆ ಅದು ಉಬ್ಬಿದ ಹಾಸಿಗೆಯಂತಾಗಿರುತ್ತಿತ್ತು. ಆಗ ಅಪ್ಪ ಚಪ್ಪಲಿ ಬಿಟ್ಟು, ಕೈ ಎರಡೂ ಚಾಚಿ, ಅದರ ಮೇಲೆ ಬೋರಲು ಮಲಗಿಬಿಡುತ್ತಿದ್ದರು. ಬಾಗಿಲಿನ ಅಂಚಿನಿಂದ ಗಾಳಿ ಉಸ್ಸೆಂದು ಹೊರಡುತ್ತಿತ್ತು.

“ಒಳಗೆ ಗಾಳಿ ಉಳಿದ್ರೆ ತೇವ ಉಳಿಯುತ್ತೆ. ತೇವ ಉಳಿದ್ರೆ ಮುಂದಿನ ವರ್ಷ ತೆಗೆದಾಗ ಬಟ್ಟೆ ಅಲ್ಲ, ಅಣಬೆ ಸಿಗುತ್ತೆ.”

ಅವರೊಬ್ಬರ ತೂಕ ಸಾಲದು. ಅದಕ್ಕೇ ಮಕ್ಕಳು. ಮೊದಲು ದೊಡ್ಡವಳು ಮತ್ತು ತಮ್ಮ ಅಪ್ಪನ ಬೆನ್ನ ಮೇಲೆ ಕೂರುತ್ತಿದ್ದರು. ಈಗ ಆ ಕೆಲಸ ಮೂಟೆಯದು. ಕೂತ ಕೂಡಲೇ ಅಪ್ಪ ಹೊಳೆಯ ಆಚೆ ದಂಡೆಗೆ ಕೇಳುವ ಹಾಗೆ ಕೂಗುತ್ತಿದ್ದರು: “ಅಯ್ಯೋ ಸತ್ತೆ! ಸತ್ತೆ ಸತ್ತೆ! ಈ ಮೂಟೆ ನನ್ನ ಪ್ರಾಣ ತೆಗೀತಾಳೆ!” ಮೂಟೆ ಇನ್ನಷ್ಟು ಒತ್ತಿ ಕೂರುತ್ತಿದ್ದಳು. ಆಮೇಲೆ ಅಪ್ಪ ಸತ್ತವರಂತೆ ನಾಟಕ. ಅಂಗಾಲಿಗೆ ಕಚಗುಳಿ ಇಟ್ಟರೂ ಏಳರು. ಗೊರಕೆ ಬೇರೆ. ಎದ್ದಾಗ ಡೇರೆ ಚಪ್ಪಟೆ, ಮಕ್ಕಳು ನಕ್ಕು ನಕ್ಕು ಸುಸ್ತು.

*

ಹನ್ನೊಂದಕ್ಕೆ ನಡುಮನೆ ತುಂಬಿತು. ಅಪ್ಪನ ಪಕ್ಕದ ಅಂಗಡಿಯ ಸೀಟಣ್ಣ ಬಂದರು. ಸ್ಕೂಟರು, ಬೈಕುಗಳ ಸೀಟು ಹೊಲಿಯುವವರು. ಮೂವತ್ತು ವರ್ಷ ಇಬ್ಬರ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮಾತ್ರ. ಮಂಚದ ಹತ್ತಿರ ನಿಂತು ಅಪ್ಪನ ಮುಖವನ್ನೇ ನೋಡಿದರು. ಆಮೇಲೆ ಅವರಿಗೂ ತಿಳಿಯದ ಹಾಗೆ ಕೈ ಮುಂದೆ ಹೋಗಿ, ಹೊದಿಸಿದ ಬಿಳಿ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿತು.

“ಅಂಚು ಹೊಲಿದಿಲ್ಲ,” ಅಂದರು. “ನೂಲು ಬಿಡ್ತಾ ಇದೆ. ನೋಡಿದ್ರೆ ಎದ್ದು ಬೈಯ್ತಿದ್ದ.”

ಯಾರೋ ಪಿಸಕ್ಕನೆ ನಕ್ಕರು, ನಕ್ಕದ್ದಕ್ಕೆ ತಾವೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡರು.

ಅಮ್ಮ ಮಂಚದ ತಲೆಯ ಕಡೆ ಕುರ್ಚಿಯಲ್ಲಿ ಕೂತಿದ್ದರು. ನಿನ್ನೆಯಿಂದ ಅವರು ಆಡಿದ ಮಾತು ಎರಡೇ. ಒಂದು, “ಫ್ಯಾನು ಜೋರು ಮಾಡು.” ಇನ್ನೊಂದು, ಸ್ವಲ್ಪ ಹೊತ್ತಾದ ಮೇಲೆ, “ಕಡಿಮೆ ಮಾಡು.” ತಮ್ಮ ಬಂದವರಿಗೆಲ್ಲ ಕತೆ ಹೇಳುವಾಗ ಅಮ್ಮನ ಮುಖ ಅತ್ತ ತಿರುಗುತ್ತಿತ್ತು, ಮುಗಿದ ಮೇಲೆ ಇತ್ತ ತಿರುಗುತ್ತಿತ್ತು.

“ನಿನ್ನೆ ಬೆಳಿಗ್ಗೆ ನೀನು ಗುಂಪಿಗೆ ಒಂದು ಫೋಟೊ ಹಾಕಿದ್ದೆಯಲ್ಲೇ,” ಅಂದರು ಅತ್ತೆ ಫೋನು ಉಜ್ಜುತ್ತ. “ಮೂಟೆ ಅವನ ಮೇಲೆ ಕೂತಿರೋದು. ಅದೇ ಅಲ್ವಾ ಕೊನೇದು? ಎಲ್ಲಿ ಹೋಯ್ತೋ, ಸಿಗ್ತಾನೇ ಇಲ್ಲ.”

“ಗೊತ್ತಿಲ್ಲ ಅತ್ತೆ.”

“ಎಷ್ಟು ಚೆನ್ನಾಗಿತ್ತು. ನೋಡಿ ನಾನು ನಗ್ತಾ ಕೂತಿದ್ದೆ.”

ದೊಡ್ಡವಳು ಅಲ್ಲಿಂದೆದ್ದಳು. ಮೂಟೆ ಕಿಟಕಿಯ ಹತ್ತಿರ ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಳು. ಪಕ್ಕದಲ್ಲೇ ಖಾಲಿ ಕುರ್ಚಿ. ಆಗಲೇ ದೊಡ್ಡವಳಿಗೆ ಹೊಳೆದದ್ದು: ಆಸ್ಪತ್ರೆಯ ಬೆಂಚಿನ ಮುಂದೆ ಮಗು ನಿಂತಿತ್ತು. ಟೆಂಪೊದಲ್ಲಿ ಕಂಬಿ ಹಿಡಿದು ನಿಂತಿತ್ತು. ರಾತ್ರಿ ಹಾಸಿಗೆಯ ಮೇಲಲ್ಲ, ನೆಲದ ಮೇಲೆ ಗೋಡೆಗೆ ಅಂಟಿ ಮಲಗಿತ್ತು.

“ಬಾ, ತೊಡೆ ಮೇಲೆ ಕೂತ್ಕೋ,” ಅಂದಳು, ಆ ಕುರ್ಚಿಯಲ್ಲಿ ಕೂತು.

“ಬೇಡ.”

“ಕಾಲು ನೋಯುತ್ತೆ ಕಣೆ. ಬಾ.”

“ಬೇಡ ಅಮ್ಮಾ.” ಮೂಟೆ ಹಿಂದೆ ಸರಿದಳು. ಆಮೇಲೆ, ಪಾಠ ಒಪ್ಪಿಸುವ ದನಿಯಲ್ಲಿ, “ನಾನು ಭಾರ,” ಅಂದಳು.

ದೊಡ್ಡವಳು ಎದ್ದು ಚಹಾದ ಲೋಟಗಳ ತಟ್ಟೆ ಎತ್ತಿಕೊಂಡಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಹಿಡಿದುಕೊಂಡೇ ನಿಂತಳು. ಮಗು ‘ಎದ್ದಿರಲಿಲ್ಲ’ ಅಂದದ್ದು ಸುಳ್ಳು ಹೇಳಬಾರದೆಂದಲ್ಲ, ತಾನೇ ತಾತನನ್ನು ಕೊಂದೆನೆಂದು ತಿಳಿದುಕೊಂಡಿದೆ. ದೊಡ್ಡವರೆಲ್ಲ ಸೇರಿ ತನ್ನ ಗುಟ್ಟು ಕಾಪಾಡುತ್ತಿದ್ದಾರೆ ಎಂದುಕೊಂಡಿದೆ.

*

ನಿನ್ನೆ ಬೆಳಿಗ್ಗೆ ಹೀಗಾಗಿತ್ತು.

ಬಿಸಿಲೇರುವ ಮೊದಲೇ ಹೊರಡಬೇಕೆಂದು ದೊಡ್ಡವಳಿಗೆ ಅವಸರ. ಮಧ್ಯಾಹ್ನದ ಪಾಳಿಗೆ ಗಾರ್ಮೆಂಟ್ಸಿಗೆ ಹೋಗಬೇಕಿತ್ತು. ಅಲ್ಲಿ ಅವಳದು ತಪಾಸಣೆಯ ಕೆಲಸ. ಗಂಟೆಗೆ ಅರವತ್ತು ಶರ್ಟು ಕಣ್ಣ ಮುಂದೆ ಹಾಯುತ್ತಿದ್ದರೂ ಬಿಟ್ಟುಹೋದ ಒಂದು ಹೊಲಿಗೆ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವಳು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ ತಿರುಗಿದಾಗ ಅಪ್ಪ ಆಗಲೇ ಡೇರೆಯ ಮೇಲೆ ಬೋರಲಾಗಿದ್ದರು. ಮಲಗಿದ್ದೋ ಬಿದ್ದದ್ದೋ, ಯಾರೂ ನೋಡಿರಲಿಲ್ಲ. ಅಡ್ಡ ಮಡಿಕೆ ಒಂದೇ ಆಗಿತ್ತು, ಇನ್ನೆರಡು ಬಾಕಿ. ಅದೂ ಅವಳ ಕಣ್ಣಿಗೆ ಬೀಳಲಿಲ್ಲ.

“ಹೋಗೇ ಮೂಟೆ, ತಾತನ ಮೇಲೆ ಕೂತ್ಕೋ. ಬೇಗ ಗಾಳಿ ಹೋಗ್ಲಿ.”

ಮೂಟೆ ಓಡಿಹೋಗಿ ಕೂತಳು. ಕಾದಳು.

“ಅಮ್ಮಾ, ತಾತ ಏನೂ ಹೇಳ್ತಿಲ್ಲ.”

“ನಾಟಕ ಕಣೆ. ಇನ್ನೂ ಒತ್ತಿ ಕೂತ್ಕೋ, ಕೂಗ್ತಾರೆ.”

ಮೂಟೆ ಒತ್ತಿ ಕೂತಳು. ದೊಡ್ಡವಳು ಫೋನು ತೆಗೆದು ಫೋಟೊ ಹೊಡೆದಳು. ‘ಈ ವರ್ಷದ ಗಾಳಿ ತೆಗೆಯುವ ಕಾರ್ಯಕ್ರಮ’ ಎಂದು ಬರೆದು ನೆಂಟರ ಗುಂಪಿಗೆ ಕಳಿಸಿದಳು. ಎಂಟು ಹನ್ನೆರಡು.

ಹೊಳೆಯಲ್ಲಿ ಪಾತ್ರೆ ತೊಳೆದು ಬಂದ ಅಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, “ಏಳಿಸಬೇಡ್ರೇ,” ಅಂದರು. “ರಾತ್ರಿ ಗಾಳಿ ಜೋರಿತ್ತು ಅಂತ ಮೂರು ಸಲ ಎದ್ದು ಗೂಟ ಬಡಿದಿದ್ದಾರೆ. ಒಂದು ಹತ್ತು ನಿಮಿಷ ಮಲಗಲಿ.” ಹೆಗಲ ಮೇಲಿದ್ದ ಟವಲು ತೆಗೆದು, ಬಿಸಿಲು ಬೀಳದಿರಲೆಂದು ಅಪ್ಪನ ತಲೆ, ಮುಖ ಎಲ್ಲ ಮುಚ್ಚುವ ಹಾಗೆ ಹೊದಿಸಿದರು. ಮೂಟೆಯನ್ನು ಕೆಳಗಿಳಿಸಿ, ಉಳಿದ ಪಾತ್ರೆ ತರಲು ಮತ್ತೆ ಹೊಳೆಗೆ ಹೋದರು.

ತಮ್ಮ ಕಂಬಗಳನ್ನು ಟೆಂಪೊಗೆ ಏರಿಸಿ ಬಂದ. “ಅಪ್ಪಾ, ಇವತ್ತಿನ ಕೂಲಿ ಹಿಡ್ಕೊಳ್ತೀವಿ ನೋಡಿ!” ಅಂತ ಕೂಗಿದ. ಎಲ್ಲರೂ ನಕ್ಕರು. ದೊಡ್ಡವಳು ಪಾತ್ರೆ ಚೀಲ ಹೊತ್ತು ಅಪ್ಪನ ಪಕ್ಕದಲ್ಲೇ ಎರಡು ಸಲ ಹಾದುಹೋದಳು.

ಹಗ್ಗ ಕಟ್ಟಲೆಂದು ಬಗ್ಗಿದ ತಮ್ಮ ಹಾಗೇ ನಿಂತ. ಅಪ್ಪನ ಚಾಚಿದ ಅಂಗೈ ಮೇಲೆ ಒಂದು ಕಟ್ಟಿರುವೆ ಹತ್ತಿ, ಬಾಗಿದ ಹೆಬ್ಬೆರಳಿನ ಗುಂಟ ನಿಧಾನವಾಗಿ ನಡೆದು, ಉಗುರಿನ ತುದಿಯಲ್ಲಿ ನಿಂತು ದಾರಿ ಹುಡುಕುತ್ತಿತ್ತು. ಬೆರಳು ಕದಲಲಿಲ್ಲ.

ಅವಳು ಆಂಬುಲೆನ್ಸಿಗೆ ಫೋನು ಮಾಡಿದ್ದು ಎಂಟು ಇಪ್ಪತ್ತಾರಕ್ಕೆ. ಅಷ್ಟು ದೂರ ಬರಲು ಮುಕ್ಕಾಲು ಗಂಟೆ ಬೇಕೆಂದರು. ಅಪ್ಪನನ್ನು ಡೇರೆಯ ಸಮೇತ ನಾಲ್ಕು ಮೂಲೆ ಹಿಡಿದೆತ್ತಿ ಟೆಂಪೊಗೆ ಹಾಕಿಕೊಂಡು ಹೋದರು. “ಬಿದ್ದು ಎಷ್ಟು ಹೊತ್ತಾಯಿತು?” ಎಂದು ಡಾಕ್ಟರು ಕೇಳಿದಾಗ ಅಮ್ಮ ಪಕ್ಕದಲ್ಲೇ ಇದ್ದರು. ತಾವು ಹೊದಿಸಿದ ಟವಲನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ತಮ್ಮ ಅಮ್ಮನ ಮುಖ ನೋಡಿದ; ಆಮೇಲೆ ಹೇಳಿದ, “ಎದ್ದು ನಿಂತಿದ್ರು ಡಾಕ್ಟ್ರೇ. ಆಮೇಲೆ ಬಿದ್ರು. ಬಿದ್ದ ಕೂಡಲೇ ಹೊರಟ್ವಿ.” ದೊಡ್ಡವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಕಾರಿಡಾರಿನ ಮೂಲೆಗೆ ಹೋಗಿ ಗುಂಪಿನಿಂದ ಫೋಟೊ ಅಳಿಸಿದಳು. ತನ್ನ ಫೋನಿನಿಂದ ಅಳಿಸಲು ಬೆರಳು ಬರಲಿಲ್ಲ.

*

ವಾಹನ ಎರಡಕ್ಕೆ ಬಂತು. ಅಮ್ಮನನ್ನು ಬಿಟ್ಟು ಎಲ್ಲರೂ ಎದ್ದು ನಿಂತರು. ಮನೆಯವರು ಕೊನೆಯ ಸಲ ನೋಡಿಕೊಳ್ಳಲಿ ಎಂದು ಸೀಟಣ್ಣ ದಾರಿ ಬಿಡಿಸಿದರು.

“ಬಾ ಮೂಟೆ,” ಅತ್ತೆ ಕೈ ಹಿಡಿದರು. “ನಿನ್ನನ್ನ ಕಂಡ್ರೆ ಪ್ರಾಣ ಬಿಡ್ತಿದ್ದ ನಿನ್ನ ತಾತ. ಹತ್ತಿರ ಬಾ.”

“ನಾನು ಮುಟ್ಟಲ್ಲ! ನಾನು ಮುಟ್ಟಲ್ಲ!” ಮೂಟೆ ಕೈ ಕೊಸರಿಕೊಂಡು, ಹಿಂದಕ್ಕೆ ಹಿಂದಕ್ಕೆ ಸರಿದು, ಮೆಷಿನ್ನಿಗೆ ಡಿಕ್ಕಿ ಹೊಡೆದಳು.

“ಏನೇ ಇದು, ತಾತನ್ನ ಕಂಡ್ರೆ ಯಾರಾದ್ರೂ ಹೆದರ್ತಾರಾ?”

“ಅವಳನ್ನ ಬಿಡಿ ಅತ್ತೆ,” ಅಂದಳು ದೊಡ್ಡವಳು. ತನ್ನ ದನಿ ಇಷ್ಟು ಜೋರಾಗಿ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. “ತಾತ ಸತ್ತಿದ್ದು ತನ್ನಿಂದ ಅಂದ್ಕೊಂಡಿದ್ದಾಳೆ. ಇವಳನ್ನ ಕೂರಿಸಿದ್ದು ನಾನು. ಒತ್ತಿ ಕೂತ್ಕೋ ಅಂದಿದ್ದೂ ನಾನೇ.”

“ಅಕ್ಕಾ, ಈಗ ಬೇಡ,” ತಮ್ಮ ಹಲ್ಲು ಕಚ್ಚಿ ಅಂದ. ಅವನ ಕಣ್ಣು ಅಮ್ಮನ ಕಡೆಗಿತ್ತು.

ದೊಡ್ಡವಳೂ ಅಮ್ಮನನ್ನು ನೋಡಿದಳು. ಒಂದು ಕಡೆ ಅಮ್ಮ, ಒಂದು ಕಡೆ ಮಗು. ಇಬ್ಬರನ್ನೂ ಒಂದೇ ಮಾತಿನಲ್ಲಿ ಉಳಿಸುವ ದಾರಿ ನಿನ್ನೆಯಿಂದ ಹುಡುಕುತ್ತಿದ್ದಳು, ಸಿಕ್ಕಿರಲಿಲ್ಲ.

“ಅಮ್ಮಾ,” ಅಂದಳು. “ಅಪ್ಪ ಎದ್ದಿರಲಿಲ್ಲ.”

ಅಮ್ಮ ಮಂಚದ ಕಡೆ ತಿರುಗಿದರು.

“ಗೊತ್ತು,” ಅಂದರು ಅಮ್ಮ.

ತಮ್ಮ ಅಮ್ಮನತ್ತ ಒಂದು ಹೆಜ್ಜೆ ಇಟ್ಟ.

“ಟವಲು ನಾನು ಹಾಕಿದ ಹಾಗೇ ಇತ್ತು,” ಅಂದರು ಅಮ್ಮ, ಮಂಚದ ಕಡೆಗೇ ನೋಡುತ್ತ. “ಎದ್ದಿದ್ರೆ ಮಡಚಿ ಇಡ್ತಿದ್ರು. ಮೂವತ್ತಾರು ವರ್ಷದಲ್ಲಿ ಆ ಮನುಷ್ಯ ಒಂದು ಕರ್ಚೀಫು ಮುದ್ದೆ ಮಾಡಿ ಎಸೆದಿದ್ದು ನಾನು ಕಂಡಿಲ್ಲ.” ಆಮೇಲೆ ಮಗನಿಗೆ, “ನೀನು ಹೇಳ್ತಾನೇ ಇದ್ದೆ, ನಾನು ಕೇಳ್ತಾನೇ ಇದ್ದೆ. ಇನ್ನು ನಾಲ್ಕು ಜನ ಬಂದಿದ್ರೆ ನಂಬಿಬಿಡ್ತಿದ್ದೆನೋ ಏನೋ.”

ತಮ್ಮ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಗಲು ಕುಲುಕುವುದು ಎಲ್ಲರಿಗೂ ಕಾಣುತ್ತಿತ್ತು.

“ಎಷ್ಟು ಹೊತ್ತು?” ಅಂದರು ಅಮ್ಮ. “ನಾನು ಮುಖ ಮುಚ್ಚಿದ ಮೇಲೆ ಎಷ್ಟು ಹೊತ್ತು ಹಾಗೇ ಬಿಟ್ಟಿದ್ವಿ? ಎರಡು ನಿಮಿಷ? ಮೂರಾ?”

ಮೂರು ಎಂದುಬಿಡಬಹುದಿತ್ತು. ದೊಡ್ಡವಳು ಮಗಳ ಕಡೆ ನೋಡಿದಳು. ಮೂಟೆ ತನ್ನ ತಾಯಿಯ ಬಾಯನ್ನೇ ನೋಡುತ್ತಿದ್ದಳು.

“ಫೋಟೊದಿಂದ ಫೋನು ಮಾಡೋವರೆಗೆ ಹದಿನಾಲ್ಕು ನಿಮಿಷ.”

ಅಮ್ಮನ ತುಟಿ ಆ ಸಂಖ್ಯೆಯನ್ನು ಸದ್ದಿಲ್ಲದೆ ಒಮ್ಮೆ ಹೇಳಿತು. ಅವರಿಗೆ ಟವಲಿನ ವಿಷಯ ಗೊತ್ತಿತ್ತು, ಹದಿನಾಲ್ಕು ಗೊತ್ತಿರಲಿಲ್ಲ. ಕೂತಿದ್ದವರು ಇನ್ನೊಂದು ಸಲ ಕೂತ ಹಾಗೆ ಕುರ್ಚಿಯೊಳಗೆ ಇಳಿದುಹೋದರು.

“ಹದಿನಾಲ್ಕು ನಿಮಿಷ!” ಅತ್ತೆಯ ದನಿ ಎದ್ದಿತು. “ಅಷ್ಟು ಜನ ಇದ್ದು, ನನ್ನ ತಮ್ಮನ್ನ ಹದಿನಾಲ್ಕು ನಿಮಿಷ... ಆ ಫೋಟೊ... ಅಯ್ಯೋ, ಅದನ್ನ ನೋಡಿ ನಾನು ನಕ್ಕೆನಲ್ಲೇ! ನಗೋ ಗೊಂಬೆ ಬೇರೆ ಕಳಿಸಿದೆನಲ್ಲೇ!” ಬೈಯಲು ಎತ್ತಿದ ಕೈ ಅರ್ಧಕ್ಕೇ ನಿಂತು, ಅವರ ಬಾಯಿಯ ಮೇಲೇ ಬಂದು ಬಿತ್ತು.

“ಅಕ್ಕಾ, ಹೊತ್ತಾಯ್ತು,” ಅಂದರು ಸೀಟಣ್ಣ ಮೆಲ್ಲಗೆ. “ಎತ್ತೋಣ.”

ಅಪ್ಪನನ್ನು ಎತ್ತಿದರು. ಮೂಟೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ತಾಯಿ ಹೇಳಿದ್ದೆಲ್ಲ ಅವಳಿಗೆ ಕೇಳಿಸಿತ್ತು. ಆದರೆ ಅವಳಿಗೆ ಅದರಿಂದ ತಿಳಿದದ್ದು ಇಷ್ಟೇ: ತನ್ನ ಮಾತು ಬಂತು, ಆಮೇಲೆ ಎಲ್ಲರೂ ಅತ್ತರು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಹಿತ್ತಿಲಲ್ಲಿ ಇನ್ನೂ ಬಿಸಿಲಿತ್ತು. ಯಾರೋ ಪುಣ್ಯಾತ್ಮರು ಡೇರೆಯನ್ನು ಬಿಡಿಸಿ ಕಾಂಪೌಂಡಿನ ಮೇಲೆ ಹರವಿದ್ದರು. ಬಣ್ಣಬಣ್ಣದ ಪಟ್ಟಿಗಳು ಒಣಗಿ ಗರಿಗರಿಯಾಗಿದ್ದವು.

“ಇದನ್ನ ಯಾರಿಗಾದ್ರೂ ಕೊಟ್ಟುಬಿಡೋಣ,” ಅಂದ ತಮ್ಮ. “ನನ್ನಿಂದ ಇನ್ನು ಇದನ್ನ ನೋಡೋಕಾಗಲ್ಲ.”

“ಕೊಡೋದು ಬಿಡೋದು ಆಮೇಲೆ,” ಅಂದರು ಅಮ್ಮ. “ಇಬ್ಬನಿ ಬೀಳೋದ್ರೊಳಗೆ ಮಡಚಿ.”

ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ಮೂಲೆ ತಮ್ಮ ಹಿಡಿದ, ಒಂದು ದೊಡ್ಡವಳು. ಅವಳ ಗಂಡ ಒಂದು ಹಿಡಿದ. ನಾಲ್ಕನೆಯದಕ್ಕೆ ಜನ ಇಲ್ಲದೆ ಅತ್ತೆಯೇ ಸೆರಗು ಸಿಕ್ಕಿಸಿಕೊಂಡು ಬಂದರು. ಉದ್ದಕ್ಕೆ ಮಡಚಬೇಕೋ ಅಡ್ಡಕ್ಕೋ ಎಂದು ಜಗಳವಾಯಿತು.

“ಬಾಗಿಲು ಒಳಗೆ ಹೋಗ್ಬೇಕು.”

“ಹೊರಗೆ ಕಣೋ! ಅಪ್ಪ ಹೊರಗೆ ಬಿಡ್ತಿದ್ರು.”

“ನೀವು ಎಳೀತಿರೋದು ಮೇಲ್ಛಾವಣಿ ಅತ್ತೆ, ಅದನ್ನ ಬಿಡಿ.”

“ನನ್ನ ಕೈಗೆ ಸಿಕ್ಕಿದ್ದು ನಾನು ಎಳೀತೀನಿ. ನನಗೇನು ಪಟ್ಟಿ ಹಾಕಿದ್ನಾ ಇದರಲ್ಲಿ?” ಅಂದರು ಅತ್ತೆ, ಮೂಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

“ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು,” ಅಂದರು ಅಮ್ಮ ಮೆಟ್ಟಿಲ ಮೇಲಿಂದ. ಹಾಗೇ ಮಡಚಿದರು. ಹಿತ್ತಿಲ ನಡುವೆ ಡೇರೆ ಉಬ್ಬಿದ ಹಾಸಿಗೆಯಂತೆ ಬಿದ್ದುಕೊಂಡಿತು. ಆಮೇಲೆ ನಾಲ್ವರೂ ಕೈ ಬಿಟ್ಟು ಅದರ ಸುತ್ತ ನಿಂತರು. ಮುಂದಿನ ಕೆಲಸ ಏನೆಂದು ಎಲ್ಲರಿಗೂ ಗೊತ್ತಿತ್ತು. ತಮ್ಮ ನೆಲ ನೋಡಿದ.

ಅಮ್ಮ ಮೆಟ್ಟಿಲಿಳಿದು ಬಂದರು. ಕನ್ನಡಕ ತೆಗೆದು ಅಳಿಯನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಮಂಡಿಯೂರಿ, ನೋವಿನ ಮೊಣಕಾಲನ್ನು ಒಂದೊಂದಾಗಿ ಜೋಪಾನ ಮಾಡಿ, ಡೇರೆಯ ಮೇಲೆ ಬೋರಲು ಮಲಗಿಬಿಟ್ಟರು.

“ಅಯ್ಯೋ ಅಮ್ಮಾ!” ತಮ್ಮ ಹೌಹಾರಿ ಮುಂದೆ ನುಗ್ಗಿದ.

“ಏನೇ ಇದು, ಇವತ್ತಿನ ದಿನ!” ಅಂದರು ಅತ್ತೆ. “ಏಳೇ, ನೋಡೋರು ಏನಂದಾರು?”

“ಮೂಟೆ ಎಲ್ಲಿ?” ಅಂದರು ಅಮ್ಮ, ಕೆನ್ನೆ ಬಟ್ಟೆಗೆ ಒತ್ತಿಕೊಂಡೇ.

ಮೂಟೆ ಹಿತ್ತಿಲ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

“ಬಾ ಇಲ್ಲಿ. ಗಾಳಿ ಹೋಗ್ತಿಲ್ಲ. ನಾನೊಬ್ಬಳೇ ಸಾಲಲ್ಲ.”

“ಬೇಡ ಅಜ್ಜಿ.”

“ಯಾಕೆ?”

“ನಾನು ಭಾರ.”

“ಎಷ್ಟು ಭಾರ?”

ಮೂಟೆಗೆ ಗೊತ್ತಿರಲಿಲ್ಲ.

“ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಕೂತ್ರೆ ತಾನೇ ಹೇಳೋಕಾಗೋದು? ಬಾ. ನಂಗೂ ಹೀಗೆ ಮಲಗಿ ಅಭ್ಯಾಸ ಇಲ್ಲ, ಕತ್ತು ನೋಯ್ತಿದೆ.”

ಮೂಟೆ ತಾಯಿಯ ಮುಖ ನೋಡಿದಳು. ಹೋಗು ಎನ್ನಲು ದೊಡ್ಡವಳಿಗೆ ಬಾಯಿ ಬರಲಿಲ್ಲ. ನಿನ್ನೆ ಹೋಗು ಎಂದದ್ದು ಅದೇ ಬಾಯಿ. ಬೇಡ ಎನ್ನಲೂ ಆಗಲಿಲ್ಲ. ಗೋಡೆಯಿಂದ ಒಂದು ಹೆಜ್ಜೆ, ಆಮೇಲೆ ಇನ್ನೊಂದು. ಮೂಟೆ ಬಂದು ಅಜ್ಜಿಯ ಪಕ್ಕ ನಿಂತಳು. ಬೆನ್ನ ಮೇಲೆ ಮೊದಲು ಒಂದು ಬೆರಳಿಟ್ಟಳು, ಆಮೇಲೆ ಅಂಗೈ. ಒಂದು ಕಾಲು ಆಚೆ ಹಾಕಿ, ಅರ್ಧ ಭಾರ ತನ್ನ ಪಾದದ ಮೇಲೇ ಇಟ್ಟುಕೊಂಡು ಕೂತ ಹಾಗೆ ಮಾಡಿದಳು.

“ಕಳ್ಳಿ. ಪೂರ್ತಿ ಕೂರು.”

ಮೂಟೆ ಪಾದ ಎತ್ತಿದಳು. ಬಾಗಿಲಿನ ಅಂಚಿನಿಂದ ಗಾಳಿ ನಿಧಾನವಾಗಿ, ಬಹಳ ಹೊತ್ತು, ಹೊರಗೆ ಬಂತು. ಅದು ನಿಂತ ಮೇಲೆ ಹಿತ್ತಿಲಲ್ಲಿ ಯಾರೂ ಉಸಿರಾಡಲಿಲ್ಲ.

“ಇಷ್ಟೇನಾ?” ಅಂದರು ಅಮ್ಮ.

ಮೂಟೆ ಎರಡೂ ಅಂಗೈಯನ್ನು ಅಜ್ಜಿಯ ಬೆನ್ನಿಗೆ ಒತ್ತಿ, ತಲೆ ಬಗ್ಗಿಸಿ, ಏನನ್ನೋ ಆಲಿಸುವವಳಂತೆ ಕೂತಳು. ಅಮ್ಮ ಉಸಿರೆಳೆದುಕೊಂಡಾಗ ಮಗು ಒಂದು ಬೆರಳಷ್ಟು ಮೇಲೇರುತ್ತಿತ್ತು. ಬಿಟ್ಟಾಗ ಇಳಿಯುತ್ತಿತ್ತು. ಮತ್ತೆ ಏರುತ್ತಿತ್ತು.